ಶಾಲೆಯ ಕೋಣೆಯ ಅಚ್ಚುಕಟ್ಟು: ಸಂಘ ಮಾಡಬಹುದಾದ ಸಣ್ಣ ಕೆಲಸ

(ಬೆಳ್ಳಿಹಬ್ಬದ ವರ್ಷದ ಸರ್ವ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ವಿವರವಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಮಗೆ ವಹಿಸಿದ ವಿಷಯ ಬೇರೆ. ಊರಿನ ಪ್ರಾಥಮಿಕ ಶಾಲೆಯ ಕೋಣೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು ಏನೇನು ಸಾಮಾನು ಬೇಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಅದರಲ್ಲಿ ನಮ್ಮ ಸಂಘದ ಪಾಲು ಏನು ಎಂಬುದನ್ನು ನಿಮ್ಮ ಮುಂದೆ ಇಡಬೇಕಾಗಿದೆ. "ಹಾಲಿನ ಸಂಘಕ್ಕೂ ಸ್ಕೂಲಿಗೂ ಏನ್ರೀ ಸಂಬಂಧ?" ಅಂತ ಕೇಳುವವರು ಇದ್ದೀರಿ. ಕೇಳಬೇಕಾದ್ದೇ. ಉತ್ತರವನ್ನೂ ಹೇಳುತ್ತೇವೆ.

ಮೊದಲು ನಮ್ಮ ಡೇರಿಯನ್ನೇ ನೋಡೋಣ. ಬೆಳಗಿನ ಜಾವ ನೂರಕ್ಕೂ ಹೆಚ್ಚು ಜನ ಹಾಲು ತಂದು ಸಾಲು ನಿಲ್ಲುತ್ತೀರಿ. ಹೆಚ್ಚೆಂದರೆ ಒಂದೂವರೆ ಗಂಟೆಯಲ್ಲಿ ಎಲ್ಲಾ ಮುಗಿದು ಹೋಗುತ್ತದೆ. ಹೇಗೆ ಮುಗಿಯುತ್ತದೆ? ಪ್ರತಿಯೊಬ್ಬ ಸದಸ್ಯನಿಗೆ ಒಂದು ನಂಬರು. ಆ ನಂಬರಿಗೆ ಒಂದು ಸ್ಯಾಂಪಲ್ ಬಾಟಲಿ. ಬಾಟಲಿ ಇಡುವುದಕ್ಕೆ ಟ್ರೇನಲ್ಲಿ ಒಂದು ಗುಣಿ. ಲ್ಯಾಕ್ಟೋಮೀಟರು ಎಲ್ಲಿರಬೇಕೋ ಅಲ್ಲಿರುತ್ತದೆ, ಕ್ಯಾನು ಎಲ್ಲಿರಬೇಕೋ ಅಲ್ಲಿರುತ್ತದೆ. ಒಂದು ದಿನ ಆ ಬಾಟಲಿಗಳು ಅದಲು ಬದಲಾದರೆ ಏನಾಗುತ್ತದೆ ನೀವೇ ಹೇಳಿ. ಒಬ್ಬರ ಫ್ಯಾಟು ಇನ್ನೊಬ್ಬರ ಲೆಕ್ಕಕ್ಕೆ ಹೋಗಿ ದೊಡ್ಡ ಜಗಳವೇ ಆಗುತ್ತದೆ. ಮೂರು ಕಾಸಿನ ಬಾಟಲಿ, ಅದಕ್ಕೊಂದು ನಂಬರು, ಅದಕ್ಕೊಂದು ಜಾಗ. ಇಡೀ ಸಂಘ ಇದರ ಮೇಲೆ ನಿಂತಿದೆ.

ಶಾಲೆಯ ಕೋಣೆಯೂ ಹೀಗೇ. ನಮ್ಮದು ಒಂದರಿಂದ ಐದನೇ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ಮೊದಲ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರಿಗೆಲ್ಲಾ ಒಬ್ಬರೇ ಟೀಚರಮ್ಮ. ಇದು ನಲಿ ಕಲಿ ಕೋಣೆ.

ಈ ನಲಿ ಕಲಿ ಎಂಬುದು ಎಲ್ಲಿಂದ ಬಂತು ಎಂದು ಹಿರಿಯರು ಹಲವರು ಕೇಳುತ್ತಿರುತ್ತೀರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯವರು ತಮ್ಮ ಸುತ್ತಿನ ಹಳ್ಳಿಯ ಸಣ್ಣ ಶಾಲೆಗಳಿಗೆ ಮಾಡಿಕೊಂಡಿದ್ದ ಕಾರ್ಡಿನ ಪದ್ಧತಿಯನ್ನು ನಮ್ಮ ಶಿಕ್ಷಕರು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕನ್ನಡಕ್ಕೆ ಒಗ್ಗಿಸಿಕೊಂಡರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಹಬ್ಬಿತು. ಇದರಲ್ಲಿ ಎಲ್ಲಾ ಮಕ್ಕಳೂ ಒಂದೇ ಪಾಠವನ್ನು ಒಟ್ಟಿಗೆ ಒಪ್ಪಿಸುವುದಿಲ್ಲ. ಒಂದೊಂದು ಮಗುವೂ ತನ್ನ ಮೆಟ್ಟಿಲು ಯಾವುದೆಂದು ಗೋಡೆಯ ಪಟದಲ್ಲಿ ನೋಡಿಕೊಂಡು, ಆ ಮೆಟ್ಟಿಲಿನ ಕಾರ್ಡನ್ನು ತಾನೇ ಎದ್ದು ಹೋಗಿ ತಂದುಕೊಂಡು, ತನ್ನ ಗುಂಪಿನಲ್ಲಿ ಕೂತು ಕಲಿತು, ಮುಗಿದ ಮೇಲೆ ಕಾರ್ಡನ್ನು ಮತ್ತೆ ಅದರ ಜಾಗದಲ್ಲಿ ಇಡಬೇಕು. ಮಕ್ಕಳು ಬರೆಯುವುದಕ್ಕೆ ಗೋಡೆಯ ಕೆಳಭಾಗದಲ್ಲಿ ಕಪ್ಪು ಹಲಗೆ. ಅವರು ಮಾಡಿದ ಚಿತ್ರ, ಬರಹ ತೂಗುಹಾಕಲು ಮೇಲೆ ದಾರ ಕಟ್ಟಿದ ಚಪ್ಪರ. ಇಷ್ಟು ಇದ್ದರೆ ಒಬ್ಬರೇ ಟೀಚರಮ್ಮ ಮೂರು ತರಗತಿ ನಡೆಸಬಹುದು. ಕಾರ್ಡು ಜಾಗದಲ್ಲಿ ಇಲ್ಲದಿದ್ದರೆ ನಡೆಸಲಾಗದು. ನಮ್ಮ ಡೇರಿಯ ಸ್ಯಾಂಪಲ್ ಬಾಟಲಿ ಇದ್ದಂತೆಯೇ ಆ ಕಾರ್ಡು.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಅಂದರೆ ದಿನಕ್ಕೆ 4 ಗಂಟೆ ಆಯಿತು. ಕಾರ್ಡು ಹುಡುಕುವುದು, "ಸ್ಲೇಟು ಎಲ್ಲಿಟ್ಟೆಯೋ," "ನನ್ನ ಬಳಪ ಅವನು ತಗೊಂಡ ಮಿಸ್" ಎನ್ನುವುದು, ಬೀರು ಕೀಲಿ ತೆಗೆದು ಹಾಕುವುದು, ಇದಕ್ಕೆಲ್ಲಾ ದಿನಕ್ಕೆ ಬರೀ 15 ನಿಮಿಷ ಹೋಯಿತು ಅಂತ ಇಟ್ಟುಕೊಳ್ಳಿ. 200 ದಿನಕ್ಕೆ 3000 ನಿಮಿಷ, ಅಂದರೆ 50 ಗಂಟೆ. ದಿನಕ್ಕೆ 4 ಗಂಟೆಯ ಹಾಗೆ ಹನ್ನೆರಡೂವರೆ ದಿನದ ಪಾಠ ಬರೀ ಹುಡುಕಾಟದಲ್ಲಿ ಹೋಯಿತು. ಮೂರು ವರ್ಷಕ್ಕೆ ಒಂದೂಕಾಲು ತಿಂಗಳು. ನಮ್ಮ ಹಾಲಿನಲ್ಲಿ ಇಷ್ಟು ಸೋರಿ ಹೋದರೆ ಸುಮ್ಮನಿರುತ್ತೀವಾ?

ಹಾಗಾದರೆ ಶಾಲೆಗೆ ಸರ್ಕಾರ ಏನೂ ಕೊಟ್ಟಿಲ್ಲವೇ ಎಂದರೆ, ಕೊಟ್ಟಿದೆ. 1987ರಲ್ಲಿ ಕೇಂದ್ರ ಸರ್ಕಾರ ಆಪರೇಷನ್ ಬ್ಲಾಕ್‌ಬೋರ್ಡ್ ಎಂಬ ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಪ್ಪು ಹಲಗೆ, ನಕ್ಷೆ, ಪಟ, ಆಟದ ಸಾಮಾನು ಇರಬೇಕೆಂಬುದು ಅದರ ಉದ್ದೇಶ. ಅದಾದ ಮೇಲೂ ನಾನಾ ಯೋಜನೆಯಲ್ಲಿ ಸಾಮಾನು ಬಂದಿದೆ. ಆದರೆ ಎಷ್ಟೋ ಊರುಗಳಲ್ಲಿ ಅದು ಬೀರುವಿನ ಒಳಗೇ ಉಳಿಯಿತು. ಮಕ್ಕಳು ಮುರಿದರೆ ಸ್ಟಾಕ್ ಪುಸ್ತಕದಲ್ಲಿ ಏನಂತ ಬರೆಯುವುದು, ಆಡಿಟ್‌ನವರು ಬಂದರೆ ಯಾರು ಉತ್ತರ ಹೇಳುವುದು ಎನ್ನುವ ಹೆದರಿಕೆ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಬಂತು? ಶಿಕ್ಷಕರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮಕ್ಕಳ ಕೈಗೆ ಎಟುಕುವ ಕಡೆ ಸಾಮಾನು ಇಡಲು ಜಾಗವೇ ಇಲ್ಲದಿದ್ದರೆ ಅವರಾದರೂ ಎಲ್ಲಿ ಇಡಬೇಕು? ಸಾಮಾನಿಗಿಂತ ಸಾಮಾನು ಇಡುವ ವ್ಯವಸ್ಥೆಯ ಕೊರತೆಯೇ ಹೆಚ್ಚು. ಇದು ನಾವು ಈ ದಿನ ಹೇಳಬೇಕೆಂದಿರುವ ಮುಖ್ಯ ಮಾತು.

ಮಗುವಿನ ಎತ್ತರಕ್ಕೆ ಎಲ್ಲಾ ಇರಬೇಕು ಎಂಬುದು ಹೊಸ ಮಾತೇನಲ್ಲ. ಇಟಲಿ ದೇಶದ ಮರಿಯಾ ಮಾಂಟೆಸರಿ ಎಂಬ ವೈದ್ಯೆ 1907ರಲ್ಲಿ ರೋಮ್ ನಗರದ ಬಡವರ ಬೀದಿಯ ಮಕ್ಕಳಿಗೆ ಶಾಲೆ ತೆರೆದಾಗ ಗಿಡ್ಡ ಮೇಜು, ಗಿಡ್ಡ ಕುರ್ಚಿ, ಕೈಗೆಟುಕುವ ಕಪಾಟು ಮಾಡಿಸಿದರು. ಸಾಮಾನು ತೆಗೆದ ಮಗುವೇ ಅದನ್ನು ವಾಪಸು ಇಡಬೇಕು ಎಂಬ ಕ್ರಮ ತಂದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕ ಅವರು 1920ರಲ್ಲಿ ಇದೇ ರೀತಿಯ ಬಾಲಮಂದಿರ ತೆರೆದು ನಮ್ಮ ದೇಶಕ್ಕೆ ಹೊಂದಿಸಿ ತೋರಿಸಿದರು. ಆ ಮೇಲೆ 1939ರಲ್ಲಿ ಮಾಂಟೆಸರಿಯವರೇ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಈಗ ಪೇಟೆಯಲ್ಲಿ ಆ ಹೆಸರಿನ ಶಾಲೆಗಳಿಗೆ ದುಬಾರಿ ಫೀಜು ಕಟ್ಟುತ್ತಾರೆ. ಶುರುವಾದದ್ದು ಬಡವರ ಮಕ್ಕಳಿಗಾಗಿ ಎಂಬುದು ನೆನಪಿರಲಿ.

ಹೋದ ಬೇಸಿಗೆ ರಜೆಯಲ್ಲಿ ಶಾಲಾಭಿವೃದ್ಧಿ ಸಮಿತಿಯವರು, ಟೀಚರಮ್ಮನವರು, ಸಂಘದ ನಾವು ಕೆಲವರು ಸೇರಿ ನಲಿ ಕಲಿ ಕೋಣೆಯನ್ನು ಒಂದು ಹದಕ್ಕೆ ತಂದೆವು. ಏನು ಬೇಕು ಎಂದು ಟೀಚರಮ್ಮನವರೇ ಪಟ್ಟಿ ಮಾಡಿದರು. ಅದರಂತೆ ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇವೆ. ನಿಮ್ಮ ಮನೆಯ ಅಟ್ಟದ ಮೇಲೆ ಇದರಲ್ಲಿ ಏನೇನು ಬಿದ್ದಿದೆ ಅಂತ ಕೇಳುತ್ತಾ ನೆನಪು ಮಾಡಿಕೊಳ್ಳಿ.

ಮೊದಲನೆಯದು ಪಶು ಆಹಾರದ ಖಾಲಿ ಚೀಲ. ಇದು ನಮ್ಮ ಸದಸ್ಯರ ಮನೆಯಲ್ಲಿ ಎಷ್ಟು ಬೇಕಾದರೂ ಇದೆ. ಹರಿಯದ ಚೀಲ ಆರಿಸಿ, ಸೋಪು ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿದೆವು. ನಮ್ಮ ಊರಿನ ಟೈಲರು ಅದನ್ನು ಬಿಡಿಸಿ, ಅಗಲವಾಗಿ ಜೋಡಿಸಿ, ಮೇಲೆ ಮೂರು ಸಾಲು ಜೇಬು ಹೊಲಿದುಕೊಟ್ಟರು. ಒಂದು ಸಾಲಿಗೆ ಎಂಟು ಜೇಬು, ಒಟ್ಟು ಇಪ್ಪತ್ತನಾಲ್ಕು. ಮೇಲೂ ಕೆಳಗೂ ಒಂದೊಂದು ರೀಪು ಪಟ್ಟಿ ಕೊಟ್ಟು ಗೋಡೆಗೆ ತೂಗು ಹಾಕಿದೆವು. ಪ್ರತಿ ಜೇಬಿಗೂ ಒಂದು ಮಗುವಿನ ಹೆಸರು. ಇನ್ನೂ ಓದಲು ಬಾರದ ಮಗುವಿಗೆ ಹೆಸರಿನ ಪಕ್ಕದಲ್ಲಿ ಒಂದು ಚಿತ್ರ. ಒಬ್ಬನಿಗೆ ಎತ್ತು, ಒಬ್ಬಳಿಗೆ ನವಿಲು. ಪೆನ್ಸಿಲು, ಬಳಪ, ರಬ್ಬರು, ಅಭ್ಯಾಸದ ಹಾಳೆ ಅಲ್ಲಿ ಇರುತ್ತದೆ. ಸ್ಲೇಟು, ದಪ್ಪ ಪುಸ್ತಕ ಅದರಲ್ಲಿ ಇಡಬಾರದು, ಹೊಲಿಗೆ ಬಿಡುತ್ತದೆ.

ಎರಡನೆಯದು ರೇಷ್ಮೆ ಚಂದ್ರಿಕೆ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಹಳೆಯ ಬಿದಿರಿನ ಚಂದ್ರಿಕೆಗಳು ಎಷ್ಟೋ ಮನೆಗಳಲ್ಲಿ ಧೂಳು ತಿನ್ನುತ್ತಿವೆ. ಮೇಲಿನ ಸುರುಳಿ ಪಟ್ಟಿ ಕಿತ್ತು ಹಾಕಿದರೆ ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಟ್ಟಿ ತಟ್ಟಿ ಸಿಗುತ್ತದೆ. ಅದನ್ನು ಗೋಡೆಗೆ ಒರಗಿಸಿ ಕಟ್ಟಿದರೆ ಪಟ ಸಿಕ್ಕಿಸುವ ಬೋರ್ಡು. ಎರಡನ್ನು ಕೋಣೆಯ ನಡುವೆ ನಿಲ್ಲಿಸಿ ಕಟ್ಟಿದರೆ ಓದುವ ಮೂಲೆಗೆ ಮರೆ. ಥರ್ಮಾಕೋಲ್ ಹಾಳೆ ಕೊಂಡು ತರುವ ಅಗತ್ಯವೇ ಇಲ್ಲ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ.

ಮೂರನೆಯದು ಎಣ್ಣೆ ಟಿನ್ನು. ಹೋಟೆಲಿನವರ ಹತ್ತಿರ, ಅಂಗಡಿಯವರ ಹತ್ತಿರ 15 ಕೆ.ಜಿ.ಯ ಚೌಕದ ಟಿನ್ನು ಕೇಳಿದರೆ ಸಿಗುತ್ತದೆ. ಒಂದು ಮುಖ ತೆಗೆಸಿ, ಅಡ್ಡಲಾಗಿ ಮಲಗಿಸಿ, ಮೂರರ ಮೇಲೆ ಮೂರು ಕಟ್ಟಿದರೆ ಕಪಾಟಿನ ಗೂಡುಗಳಾದವು. ಆದರೆ ಕತ್ತರಿಸಿದ ಅಂಚು ಕತ್ತಿಯ ಹಾಗೆ ಇರುತ್ತದೆ. ಇಕ್ಕಳದಲ್ಲಿ ಅಂಚನ್ನು ಒಳಕ್ಕೆ ಪೂರಾ ಮಡಿಸಿ, ಸುತ್ತಿಗೆಯಲ್ಲಿ ತಟ್ಟಿ, ಹಳೇ ಸೈಕಲ್ ಟ್ಯೂಬನ್ನು ಸೀಳಿ ಅದರ ಮೇಲೆ ಹೊದಿಸಿದ ಹೊರತು ಮಕ್ಕಳ ಕೋಣೆಗೆ ಸೇರಿಸಬಾರದು. ಅಷ್ಟು ತಾಳ್ಮೆ ಇಲ್ಲದವರು ಟೊಮೆಟೊ ಮರದ ಬಾಕ್ಸು ತಗೊಳ್ಳಿ. ಮೊಳೆ ತಲೆ ಬಡಿದು, ಉಪ್ಪು ಕಾಗದದಲ್ಲಿ ಉಜ್ಜಿ ಸಿಬಿರು ತೆಗೆದರೆ ಆಯಿತು.

ನಾಲ್ಕನೆಯದು ಲಗ್ನಪತ್ರಿಕೆ. ಪ್ರತಿ ಮನೆಯಲ್ಲೂ ಒಂದು ಕಟ್ಟು ಇರುತ್ತದೆ, ಎಸೆಯುವುದಕ್ಕೂ ಮನಸ್ಸು ಬರುವುದಿಲ್ಲ. ದಪ್ಪ ಕಾಗದ, ಹಿಂದೆ ಖಾಲಿ. ಅಕ್ಷರ, ಪದ, ಲೆಕ್ಕ ಬರೆಯುವ ಮಿಂಚುಪಟ್ಟಿಗೆ ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ದೇವರ ಚಿತ್ರ ಇರುವ ಕಡೆ ಕತ್ತರಿ ಹಾಕಲು ನಮ್ಮ ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಆ ಭಾಗ ಬಿಟ್ಟು ಉಳಿದದ್ದು ತಗೊಂಡರಾಯಿತು. ಗೋಡೆ ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನು ಕತ್ತರಿಸಿ ಅಂಟಿಸಿದರೆ ಅಂಕಿ ಕಾರ್ಡು ಆಯಿತು.

ಐದನೆಯದು ಎಣಿಸುವ ಸಾಮಾನು. ತೆಂಗಿನ ಗರಿಯ ಕಡ್ಡಿಯನ್ನು ಒಂದೇ ಅಳತೆಗೆ ಕತ್ತರಿಸಿ, ಚೂಪು ತುದಿ ತೆಗೆದು, ಹತ್ತು ಹತ್ತರ ಕಟ್ಟು ಮಾಡಬೇಕು. ಕಟ್ಟಲು ಸೈಕಲ್ ಟ್ಯೂಬಿನಿಂದ ಬಳೆ ಬಳೆಯಾಗಿ ಕತ್ತರಿಸಿದ ರಬ್ಬರು. ಹತ್ತು ಬಿಡಿ ಒಂದು ಕಟ್ಟಾಯಿತು, ಹತ್ತು ಕಟ್ಟು ನೂರಾಯಿತು ಅಂತ ಮಗು ಕೈಯಲ್ಲಿ ಹಿಡಿದು ಕಲಿಯುತ್ತದೆ. ಬಿಡಿ ಎಣಿಸಲು ಹುಣಸೆ ಬೀಜ ಸಾಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಅಂದವಾಗಿದೆ ಅಂತ ಗುಲಗಂಜಿ, ಕೈಗೆ ಸಿಕ್ಕಿತು ಅಂತ ಹರಳು ಬೀಜ ಕೊಡಬೇಡಿ. ಎರಡೂ ವಿಷ. ಮಗು ಕಚ್ಚಿ ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಗನವಾಡಿಯ ತೀರಾ ಸಣ್ಣ ಮಕ್ಕಳಿಗೆ ಹುಣಸೆ ಬೀಜವೂ ಬೇಡ, ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ.

ಇದೇ ಸಾಲಿಗೆ ಸೇರಿದ ಇನ್ನೊಂದು ಮಾತು. ಔಷಧಿ ಹೊಡೆದ ಬಾಟಲಿ, ಡಬ್ಬಿ, ಪ್ಯಾಕೆಟ್ಟು, ಎಷ್ಟು ಸಾರಿ ತೊಳೆದಿದ್ದರೂ ಸರಿ, ಶಾಲೆಯ ಬಾಗಿಲು ದಾಟಬಾರದು. ಪೆನ್ಸಿಲು ನಿಲ್ಲಿಸಲು ಚೆಂದವಾಗಿದೆ ಅಂತ ಯಾರೂ ತರಬೇಡಿ. ಪೆನ್ಸಿಲನ್ನು ಮಕ್ಕಳು ಬಾಯಿಗೆ ಇಟ್ಟುಕೊಳ್ಳುತ್ತಾರೆ. ತೆಂಗಿನ ಚಿಪ್ಪು ಅಥವಾ ಬಿದಿರಿನ ಗೆಣ್ಣು ಕತ್ತರಿಸಿ ಕೊಡಿ, ಅದೇ ಸಾಕು.

ಇನ್ನು ದುಡ್ಡು ಕೊಟ್ಟು ತಂದ ಸಾಮಾನು. ಒಂದು ಕೋಣೆಗೆ ಬಿದ್ದ ಖರ್ಚನ್ನು ಓದುತ್ತೇವೆ, ಚೀಟಿಗಳು ಕಾರ್ಯದರ್ಶಿಗಳ ಹತ್ತಿರ ಇವೆ, ಯಾರು ಬೇಕಾದರೂ ನೋಡಬಹುದು.

ಕಪ್ಪು ಹಲಗೆ ಬಣ್ಣ, ಪ್ರೈಮರು, ಬ್ರಷ್ಷು: 600 ರೂ.
ಕಾರ್ಡು ಇಡಲು ಪ್ಲಾಸ್ಟಿಕ್ ಬುಟ್ಟಿ 12, ಒಂದಕ್ಕೆ 50ರಂತೆ: 600 ರೂ.
ಚಪ್ಪರದ ದಾರ, ಬಟ್ಟೆ ಕ್ಲಿಪ್ಪು 4 ಡಜನ್: 280 ರೂ.
ರೀಪು, ಹಲಗೆ, ತಿರುಪು ಮೊಳೆ, ಬಡಗಿ ಕೂಲಿ: 1500 ರೂ.
ಟೈಲರ ಕೂಲಿ: 300 ರೂ.
ಸ್ಕೆಚ್ ಪೆನ್ನು, ಗೋಂದು, ಟೇಪು, ಮೊಂಡು ತುದಿಯ ಕತ್ತರಿ: 500 ರೂ.
ಒಟ್ಟು: 3780 ರೂ.

ಬುಟ್ಟಿಗಳ ವಿಷಯ ಸ್ವಲ್ಪ ಹೇಳಬೇಕು. ಭಾಷೆಗೆ ಒಂದು ಬಣ್ಣ, ಗಣಿತಕ್ಕೆ ಒಂದು ಬಣ್ಣ, ಪರಿಸರಕ್ಕೆ ಒಂದು ಬಣ್ಣ. ಬುಟ್ಟಿಯ ಮೇಲೆ ಯಾವ ಗುರುತು ಇದೆಯೋ ಅದೇ ಗುರುತು ಬುಟ್ಟಿ ಕೂರುವ ಹಲಗೆಯ ಮೇಲೂ ಇದೆ. ಆದ್ದರಿಂದ ಬುಟ್ಟಿ ತೆಗೆದ ಮಗು ಯಾರನ್ನೂ ಕೇಳದೆ ಅಲ್ಲಿಗೇ ವಾಪಸು ಇಡುತ್ತದೆ. ದಿನದ ಕೊನೆಗೆ ಒಂದು ಜಾಗ ಖಾಲಿ ಕಂಡರೆ ಏನು ಕಾಣೆಯಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ತಲೆ ಎಣಿಸಿ ಕೊಟ್ಟಿಗೆಗೆ ದನ ಕಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತರದ ವಿಷಯ. ಆರು ವರ್ಷದ ಮಗು ಮೂರೂವರೆ, ಮೂರು ಮುಕ್ಕಾಲು ಅಡಿ ಇರುತ್ತದೆ. ಹಾಗಾಗಿ ಹಲಗೆಯ ಮೇಲಿನ ಸಾಲು ನೆಲದಿಂದ ಮೂರು ಅಡಿ ಮೀರಬಾರದು. ಗೋಡೆಯ ಕಪ್ಪು ಬಣ್ಣ ನೆಲದಿಂದ ಒಂದಡಿ ಬಿಟ್ಟು ಶುರುವಾಗಿ ಮೂರೂವರೆ ಅಡಿಗೆ ಮುಗಿಯಬೇಕು. ಚಪ್ಪರದ ದಾರ ಟೀಚರಮ್ಮನ ತಲೆಗೆ ತಾಗದಷ್ಟು ಎತ್ತರ ಇದ್ದರೆ ಸಾಕು. ಸೂರಿಗೆ ಕಟ್ಟಿದರೆ ಹಲ್ಲಿ ಮಾತ್ರ ಓದುತ್ತದೆ. ಫ್ಯಾನಿನ ಹತ್ತಿರ ದಾರ ಬರಲೇಬಾರದು. ಬ್ಯಾಗು ತೂಗು ಹಾಕಲು ಗೋಡೆಗೆ ಬರಿಯ ಮೊಳೆ ಹೊಡೆಯಬೇಡಿ. ಮಕ್ಕಳ ಬ್ಯಾಗಿನ ಎತ್ತರವೇ ಅವರ ಕಣ್ಣಿನ ಎತ್ತರ. ಒಂದು ಹಲಗೆಗೆ ಮರದ ಗುಂಡು ಗೂಟ ಕೊಡಿಸಿದ್ದೇವೆ. ಬ್ಯಾಗುಗಳು ಗೋಡೆಗೆ ಹೋದ ಮೇಲೆ ನೆಲದಲ್ಲಿ ಇನ್ನೊಂದು ಗುಂಪು ಕೂರುವಷ್ಟು ಜಾಗ ಆಗಿದೆ.

ನಮ್ಮ ಸೀಮೆಯ ಶತ್ರು ಗೆದ್ದಲು ಮತ್ತು ಇಲಿ. ರಟ್ಟಿನ ಡಬ್ಬ ಸುಮ್ಮನೆ ಸಿಗುತ್ತದೆ ಅಂತ ನೆಲದ ಮೇಲೆ ಇಟ್ಟರೆ ಒಂದು ಮಳೆಗಾಲಕ್ಕೆ ಮಣ್ಣಾಗುತ್ತದೆ. ಎಲ್ಲವನ್ನೂ ಇಟ್ಟಿಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಬೇಕು. ನುಸಿಗುಳಿಗೆ ಬೇಡ, ಮಕ್ಕಳು ಪೆಪ್ಪರ್‌ಮೆಂಟು ಅಂತ ಬಾಯಿಗೆ ಹಾಕಿಕೊಳ್ಳುವ ಭಯ ಇದೆ. ರಾಗಿ ವಾಡೆಗೆ ಹಾಕುವ ಹಾಗೆ ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿದರೆ ಸಾಕು.

ಕಥೆ ಪುಸ್ತಕದ ಬಗ್ಗೆಯೂ ಒಂದು ಮಾತು. ಪ್ರತಿ ಶಾಲೆಯಲ್ಲೂ ಪತ್ರಿಕೆ, ಕಥೆ ಪುಸ್ತಕ ಇರುವ ಗ್ರಂಥಾಲಯ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಪುಸ್ತಕ ಇವೆ, ಒಂದರ ಮೇಲೊಂದು ಪೇರಿಸಿದ್ದರು. ಬೆನ್ನು ಮಾತ್ರ ಕಂಡರೆ ಸಣ್ಣ ಮಗು ಪುಸ್ತಕ ಆರಿಸುವುದಿಲ್ಲ. ಮುಖ ಕಾಣಬೇಕು. ಕಿಟಕಿಯ ಕೆಳಗೆ ಎರಡು ಸಾಲು ದಾರ ಬಿಗಿದು ಪುಸ್ತಕವನ್ನು ನಡುವೆ ತೆರೆದು ನೇತು ಹಾಕಿದ್ದೇವೆ, ಮನೆಯ ಹಗ್ಗದ ಮೇಲೆ ಟವಲು ಹಾಕಿದ ಹಾಗೆ. ಇಪ್ಪತ್ತು ಪುಸ್ತಕ ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಾಯಿಸುತ್ತಾರೆ.

ಇಷ್ಟರಿಂದ ಏನಾಯಿತು ಎಂದು ಕೇಳಿದರೆ, ದೊಡ್ಡ ಪವಾಡ ಆಯಿತೆಂದು ಹೇಳುವುದಿಲ್ಲ. ಟೀಚರಮ್ಮನವರು ಬೀರುವಿನ ಕೀಲಿ ಹುಡುಕುವುದು ನಿಂತಿತು. ಒಂದನೇ ತರಗತಿಯ ಮಗು ತನ್ನ ಕಾರ್ಡು ತಾನೇ ತರುತ್ತದೆ. ನಾಲ್ಕು ಗಂಟೆಗೆ ಮನೆಗೆ ಬಿಡುವ ಮೊದಲು ಐದು ನಿಮಿಷದಲ್ಲಿ ಮಕ್ಕಳೇ ಕೋಣೆ ಸರಿಮಾಡುತ್ತಾರೆ. ಸರದಿ ಪಟ್ಟಿ ಬಾಗಿಲ ಪಕ್ಕದಲ್ಲಿದೆ. ಅದರಲ್ಲಿ ಗಂಡು ಹುಡುಗರಿಗೂ ಕಸ ಗುಡಿಸುವ ಸರದಿ ಇದೆ, ಹೆಣ್ಣು ಹುಡುಗಿಯರಿಗೂ ಗಂಟೆ ಹೊಡೆಯುವ ಸರದಿ ಇದೆ. ಇದು ಟೀಚರಮ್ಮನವರು ಮಾಡಿದ ನಿಯಮ, ನಮಗೆ ಬಹಳ ಸರಿ ಕಂಡಿತು.

ಈಗ ಸಂಘದ ಪ್ರಶ್ನೆಗೆ ಬರೋಣ. ಇಡೀ ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ನಮ್ಮ ನಾಡಿನ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. ಊರಿಗೆ ಬೇಕಾದ್ದನ್ನು ಊರಿನವರೇ ಸೇರಿ ಮಾಡಿಕೊಳ್ಳುವುದು ಎಂಬುದೇ ಅದರ ಅರ್ಥ. ಶಾಲೆಗೂ ನಮಗೂ ಕೊಡು ಕೊಳ್ಳುವ ಸಂಬಂಧ ಮೊದಲೇ ಇದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುತ್ತಿದ್ದಾರೆ. ಆ ಹಾಲಿನ ಪುಡಿ ನಮ್ಮಂಥ ರೈತರು ಹಾಕಿದ ಹಾಲಿನದೇ. ಮಗುವಿನ ಹೊಟ್ಟೆಗೆ ನಮ್ಮ ಹಾಲು ಹೋಗುತ್ತಿದೆ, ಅದರ ತಲೆಗೆ ಏನು ಹೋಗುತ್ತಿದೆ ಎಂದು ನೋಡುವುದೂ ನಮ್ಮ ಕೆಲಸವೇ.

ಇನ್ನೊಂದು ಕಹಿ ಮಾತಿದೆ. ನಮ್ಮ ಊರಿನಿಂದ ಬೆಳಗ್ಗೆ ಎರಡು ವ್ಯಾನು ತುಂಬ ಮಕ್ಕಳು ಪೇಟೆಯ ಶಾಲೆಗೆ ಹೋಗುತ್ತವೆ. ಯಾರ ಮಗು ಎಲ್ಲಿ ಓದಬೇಕು ಎನ್ನುವುದು ಅವರವರ ಇಷ್ಟ, ನಾವು ಆಡಿಕೊಳ್ಳುವುದಿಲ್ಲ. ಆದರೆ ಕೂಲಿ ಮಾಡುವವರ ಮಕ್ಕಳು, ತಂದೆ ಇಲ್ಲದ ಮಕ್ಕಳು, ವ್ಯಾನಿಗೆ ಕೊಡಲು ಇಲ್ಲದವರ ಮಕ್ಕಳು ಇಲ್ಲೇ ಉಳಿದಿದ್ದಾರೆ. ಮಕ್ಕಳ ಸಂಖ್ಯೆ ತೀರಾ ಇಳಿದ ಶಾಲೆಯನ್ನು ಪಕ್ಕದ ಊರಿನ ಶಾಲೆಗೆ ಸೇರಿಸಿದ್ದನ್ನು ನಾವು ನೋಡಿದ್ದೇವೆ. ಆರು ವರ್ಷದ ಮಗು ಟಾರು ರಸ್ತೆ ದಾಟಿ ಪಕ್ಕದ ಊರಿಗೆ ನಡೆಯಬೇಕಾಗುತ್ತದೆ. ಶಾಲೆ ಮುಚ್ಚಿದ ಮೇಲೆ ಮನವಿ ಪತ್ರ ಹಿಡಿದು ಕಚೇರಿಗೆ ಅಲೆಯುವುದಕ್ಕಿಂತ, ಈಗ ಇರುವ ಕೋಣೆ "ಇಲ್ಲೂ ಕಲಿಸ್ತಾರೆ ಕಣಯ್ಯಾ" ಅನ್ನುವ ಹಾಗಿದ್ದರೆ ಒಬ್ಬಿಬ್ಬರಾದರೂ ಮಕ್ಕಳನ್ನು ಇಲ್ಲಿಗೆ ಹಾಕುತ್ತಾರೆ.

ಬೆಳ್ಳಿಹಬ್ಬದ ನೆನಪಿಗೆ ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸಿ, ಅದರ ಮೇಲೆ ಈವರೆಗಿನ ಅಧ್ಯಕ್ಷರು, ನಿರ್ದೇಶಕರ ಹೆಸರು ಬರೆಸಬೇಕು ಎಂದು ಆಡಳಿತ ಮಂಡಲಿಯಲ್ಲಿ ಕೆಲವರು ಹೇಳಿದ್ದಾರೆ. ದುಡಿದವರ ಹೆಸರು ಉಳಿಯಬೇಕೆನ್ನುವುದು ನ್ಯಾಯವೇ. ಆದರೆ ಕಮಾನಿಗೆ ಲಕ್ಷಗಳಲ್ಲಿ ಹಣ ಬೇಕು, ಮೂರು ಮಳೆಗಾಲಕ್ಕೆ ಅದರ ಬಣ್ಣ ಹೋಗುತ್ತದೆ. ಹೆಸರನ್ನು ಈ ಸ್ಮರಣ ಸಂಚಿಕೆಯಲ್ಲೇ ಅಚ್ಚು ಹಾಕೋಣ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಕಮಾನಿನ ಬದಲು ನಾವು ನಿಮ್ಮ ಮುಂದೆ ಮೂರು ಸೂಚನೆ ಇಡುತ್ತೇವೆ.

ಒಂದು. ನಾಲ್ಕು, ಐದನೇ ತರಗತಿಯ ಎರಡನೇ ಕೋಣೆಯನ್ನೂ ಈ ವರ್ಷ ಇದೇ ರೀತಿ ಮಾಡಿ ಮುಗಿಸಬೇಕು. ನಮ್ಮಲ್ಲಿ ಹಾಲು ಹಾಕುವ ಸದಸ್ಯರು 140 ಜನ ಇದ್ದೀರಿ. ಒಬ್ಬೊಬ್ಬರು ಒಂದೇ ಒಂದು ದಿನ ಒಂದು ಲೀಟರು ಹಾಲಿನ ಹಣ ಬಿಟ್ಟುಕೊಟ್ಟರೆ ಒಂದು ಕೋಣೆಯ ಖರ್ಚು ಅಲ್ಲಿಗೆ ಮುಗಿಯಿತು.

ಎರಡು. ಒಂದು ಸಾರಿ ಕೊಟ್ಟು ಫೋಟೋ ತೆಗೆಸಿಕೊಂಡು ಮರೆಯುವುದು ಬೇಡ. ಬುಟ್ಟಿ ಒಡೆಯುತ್ತದೆ, ಬಣ್ಣ ಸವೆಯುತ್ತದೆ, ಹೊಲಿಗೆ ಬಿಡುತ್ತದೆ. ಮಕ್ಕಳು ಬಳಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಸಂಘದ ಉಪವಿಧಿಯಂತೆ ಧರ್ಮಾರ್ಥಕ್ಕೆ ತೆಗೆದಿಡುವ ಹಣದಲ್ಲಿ ಪ್ರತಿ ವರ್ಷ ಕೋಣೆಗೆ 1500 ರೂಪಾಯಿನಂತೆ ರಿಪೇರಿಗೆ ಕೊಡಲು ಈ ಸಭೆ ಒಪ್ಪಿಗೆ ಕೊಡಬೇಕು. ಒಡೆದ ಸಾಮಾನಿಗೆ ಟೀಚರಮ್ಮನವರು ಯಾರಿಗೂ ಅಂಜಬೇಕಾಗಿಲ್ಲ, ಒಡೆದದ್ದನ್ನು ತೋರಿಸಿದರೆ ಹೊಸದು ಕೊಡುತ್ತೇವೆ.

ಮೂರು. ಏನು ಬೇಕು ಎಂದು ನಿರ್ಧರಿಸುವವರು ಶಿಕ್ಷಕರೇ ಆಗಿರಬೇಕು. ಕೊಡುವವರಿಗೆ ಗೋಡೆ ಗಡಿಯಾರ, ಬೀರು, ಕುರ್ಚಿ ಕೊಟ್ಟು ಅದರ ಮೇಲೆ ಹೆಸರು ಬರೆಸುವ ಆಸೆ. ಒಂದೇ ಶಾಲೆಗೆ ಮೂರು ಗಡಿಯಾರ ಏಕೆ? 2001ರಿಂದ ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಆ ಸಮಿತಿಯ ಸಭೆಯಲ್ಲಿ ಪಟ್ಟಿ ಆಗಲಿ, ಸಂಘ ಅದರಂತೆ ಕೊಡಲಿ, ಲೆಕ್ಕ ಎರಡೂ ಕಡೆ ಬರೆದಿರಲಿ.

ದುಡ್ಡು ಕೊಡಲಾಗದವರು ಸಂಕೋಚ ಪಡಬೇಕಾಗಿಲ್ಲ. ಹಳೇ ಚಂದ್ರಿಕೆ ಒಂದು, ತೊಳೆದ ಫೀಡ್ ಚೀಲ ನಾಲ್ಕು, ಲಗ್ನಪತ್ರಿಕೆಯ ಕಟ್ಟು ಒಂದು, ಪಂಕ್ಚರಾದ ಟ್ಯೂಬು ಒಂದು, ಬರುವ ಭಾನುವಾರ ಹಾಲು ಹಾಕಲು ಬರುವಾಗ ತಂದು ಡೇರಿ ಜಗುಲಿಯ ಮೇಲೆ ಇಟ್ಟು ಹೋಗಿ. ಬಡಗಿ ಕೆಲಸ ಬಲ್ಲವರು ಅರ್ಧ ದಿನ ಬನ್ನಿ. ಮಹಿಳಾ ಸಂಘದ ಅಕ್ಕಂದಿರು ಮಿಂಚುಪಟ್ಟಿ ಕತ್ತರಿಸಿ ಕೊಡುತ್ತೇವೆ ಎಂದು ಈಗಾಗಲೇ ಹೇಳಿದ್ದಾರೆ, ಅವರಿಗೆ ಸಂಘದ ಪರವಾಗಿ ವಂದನೆಗಳು.

ಹನಿ ಹನಿ ಕೂಡಿದರೆ ಹಳ್ಳ. ಅರ್ಧ ಲೀಟರು, ಒಂದು ಲೀಟರು ಹಾಲು ಕೂಡಿಸಿಯೇ ಈ ಸಂಘ ಇಪ್ಪತ್ತೈದು ವರ್ಷ ನಡೆದು ಬಂದಿದೆ. ಮೂರು ಸೂಚನೆಗಳನ್ನು ಅಧ್ಯಕ್ಷರು ಈಗ ಸಭೆಯ ಮುಂದೆ ಇಡುತ್ತಾರೆ. ಒಪ್ಪುವವರು ಕೈ ಎತ್ತಿ, ಒಪ್ಪದವರು ಎದ್ದು ನಿಂತು ಕಾರಣ ಹೇಳಿ, ಚರ್ಚೆ ಆಗಲಿ.